ಮೊದಲು ಹೆಜ್ಜೆ ಎಣಿಸಿ, ಆಮೇಲೆ ಹಾಡು ಹಾಕಿ

(ಪಾರ್ಕಿನ್ಸನ್ ಕಾಯಿಲೆ ಇರುವವರಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಸಂಗೀತಗಾರನಲ್ಲ, ಹಾಡಲು ಬರುವುದೂ ಇಲ್ಲ. ಸಂಗೀತದ ಮಹಿಮೆ ಕೇಳೋಣ ಅಂತ ಬಂದವರಿಗೆ ಇವತ್ತು ಸ್ವಲ್ಪ ನಿರಾಸೆ ಆಗಬಹುದು. ನನ್ನ ಮಾತೆಲ್ಲ ಪಾದದ ಬಗ್ಗೆ. ಹಿಮ್ಮಡಿ ಯಾವ ಹೊತ್ತಿಗೆ ನೆಲಕ್ಕೆ ತಾಗುತ್ತದೆ, ಯಾಕೆ ಒಮ್ಮೊಮ್ಮೆ ನೆಲ ಬಿಟ್ಟು ಏಳುವುದೇ ಇಲ್ಲ, ಇಷ್ಟೇ.

ಹಾಡು ಕೇಳಿಸಿ ನಡೆಸಿದರೆ ಪಾರ್ಕಿನ್ಸನ್ ಇರುವವರು ಚೆನ್ನಾಗಿ ನಡೆಯುತ್ತಾರೆ ಅಂದ ಕೂಡಲೇ ಮನೆಯವರು ಕೇಳುವುದು ಒಂದೇ: ಯಾವ ಹಾಡು ಹಾಕಬೇಕು? ಅದಕ್ಕೆ ಉತ್ತರ ಇದೆ. ಆದರೆ ಅದು ಎರಡನೇ ಪ್ರಶ್ನೆ. ಇವರು ಈಗ ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತಾರೆ ಅನ್ನುವುದು ಮೊದಲನೆಯದು. ಅದನ್ನು ಯಾರೂ ಕೇಳುವುದಿಲ್ಲ. ಕೇಳದೆ ಹಾಡು ಹಾಕಿದರೆ ಕೆಲವರಿಗೆ ಒಳ್ಳೆಯದಾಗಬಹುದು, ಕೆಲವರು ಮುಗ್ಗರಿಸಿ ಬೀಳಬಹುದು.

ಮಾತಿಗೆ ಮುಂಚೆ ಒಂದು ಸಣ್ಣ ಪ್ರಯೋಗ. ನನ್ನ ಫೋನಿನಲ್ಲಿ ಮೆಟ್ರೊನೋಮ್ ಇದೆ. ಸಂಗೀತ ಕಲಿಯುವವರು ಕಾಲ ತಪ್ಪದಿರಲಿ ಅಂತ ಇಟ್ಟುಕೊಳ್ಳುತ್ತಾರಲ್ಲ, ಟಿಕ್ ಟಿಕ್ ಅನ್ನುವುದು, ಅದೇ. ನಿಮಿಷಕ್ಕೆ 100 ಪೆಟ್ಟಿಗೆ ಇಟ್ಟಿದ್ದೇನೆ. ಸದ್ದಿಗೆ ಸರಿಯಾಗಿ ಚಪ್ಪಾಳೆ ಹೊಡೆಯಿರಿ.

(ಮೂರ್ನಾಲ್ಕು ಪೆಟ್ಟಿನೊಳಗೆ ಇಡೀ ಸಭೆಯ ಚಪ್ಪಾಳೆ ಒಂದಾಯಿತು. ಸ್ವಲ್ಪ ಹೊತ್ತಾದ ಮೇಲೆ, ಹೇಳದೆ ಕೇಳದೆ ಸದ್ದು ನಿಲ್ಲಿಸಿದೆ. ಚಪ್ಪಾಳೆ ನಿಲ್ಲಲಿಲ್ಲ. ಇನ್ನೊಂದೆರಡು ಸಲ ಸರಿಯಾದ ಹೊತ್ತಿಗೇ ಬಿತ್ತು. ಆಮೇಲೆ ನಗು.)

ಸದ್ದೇ ಇರಲಿಲ್ಲ, ಆದರೂ ಕೈ ಸರಿಯಾದ ಹೊತ್ತಿಗೆ ಬಿತ್ತು, ಅಲ್ವಾ? ನೀವು ಸದ್ದು ಕೇಳಿ ಆಮೇಲೆ ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಮುಂದಿನ ಪೆಟ್ಟು ಯಾವಾಗ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಕೈಯನ್ನು ಹೊರಡಿಸುತ್ತಿದ್ದಿರಿ. ಪ್ರಯೋಗಾಲಯದಲ್ಲಿ ಬೆರಳು ತಟ್ಟಿಸಿ ಅಳೆದಾಗ ಇನ್ನೂ ಚೆನ್ನಾಗಿ ಕಾಣುತ್ತದೆ. ಹೆಚ್ಚಿನವರ ಬೆರಳು ಪೆಟ್ಟಿಗಿಂತ ಒಂದು ಚೂರು ಮುಂಚೆಯೇ ಬೀಳುತ್ತದೆ. ಮೆದುಳು ಸದ್ದಿನ ಹಿಂದೆ ಓಡುವುದಿಲ್ಲ, ಅದು ಬರುವ ಜಾಗಕ್ಕೆ ಮೊದಲೇ ಹೋಗಿ ಕಾಯುತ್ತದೆ. ಇವತ್ತು ನಾನು ಹೇಳುವ ಚಿಕಿತ್ಸೆ ನಿಂತಿರುವುದು ಈ ಒಂದು ಗುಣದ ಮೇಲೆ.

ಈಗ ಕಾಯಿಲೆಯ ಕಡೆ ಬರೋಣ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಅನ್ನುವ ಲಂಡನ್ನಿನ ವೈದ್ಯರು ಇದನ್ನು ಮೊದಲು ವಿವರವಾಗಿ ಬರೆದರು. ಕೈ ನಡುಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಅವರೂ ಅದನ್ನು ಬರೆದರು. ಅದರ ಜೊತೆಗೆ ಮೈ ಮುಂದಕ್ಕೆ ಬಾಗುವುದು, ನಡಿಗೆ ತಾನಾಗಿಯೇ ಓಟದ ಹಾಗೆ ಆಗಿಬಿಡುವುದು, ಇದನ್ನೂ ಆಗಲೇ ಗುರುತಿಸಿದ್ದರು. ಅಂದರೆ ನಡಿಗೆಯ ತೊಂದರೆ ಈ ಕಾಯಿಲೆಗೆ ಆಮೇಲೆ ಸೇರಿಸಿದ ಬಾಲ ಅಲ್ಲ.

ಮೆದುಳಿನ ಆಳದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುವ ಸಣ್ಣ ಜಾಗ ಇದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಅನ್ನುವ, ಸಂದೇಶ ಒಯ್ಯುವ ರಾಸಾಯನಿಕವನ್ನು ತಯಾರಿಸಿ ಬೇಸಲ್ ಗ್ಯಾಂಗ್ಲಿಯಾ ಅನ್ನುವ ಭಾಗಕ್ಕೆ ಕಳಿಸುತ್ತವೆ. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಬೇಸಲ್ ಗ್ಯಾಂಗ್ಲಿಯಾ ಮಾಡುವ ಕೆಲಸಗಳಲ್ಲಿ ಒಂದು, ನಾವು ಯೋಚನೆ ಮಾಡದೆ ಮಾಡುವ ಚಲನೆಗಳನ್ನು ಸರಿಯಾದ ಹೊತ್ತಿಗೆ ಒಂದಾದ ಮೇಲೊಂದು ಹೊರಡಿಸುವುದು. ಸಂಗೀತ ಕಚೇರಿಯಲ್ಲಿ ಹಿಂದೆ ಕೂತು ತಾಳ ಹಾಕುವವರ ಹಾಗೆ ಅದು. ಸರಿಯಾಗಿ ಹಾಕುವವರೆಗೆ ಅವರನ್ನು ಯಾರೂ ನೋಡುವುದಿಲ್ಲ. ತಪ್ಪಿದ ದಿನ ಮುಂದೆ ಕೂತ ಎಲ್ಲರೂ ತಡವರಿಸುತ್ತಾರೆ.

ಒಳಗಿನ ಈ ತಾಳ ತಪ್ಪಿದಾಗ ನಡಿಗೆ ಹೇಗಾಗುತ್ತದೆ ಅನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಹೆಜ್ಜೆ ಚಿಕ್ಕದಾಗುತ್ತದೆ. ಪಾದ ಎತ್ತುವ ಬದಲು ಎಳೆಯುತ್ತದೆ. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವಿನ ಸಮಯ ಒಂದೇ ಸಮ ಇರುವುದಿಲ್ಲ. ಈ ಏರುಪೇರು ಬರಿಗಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಬೀಳುವ ಭಯ ಇರುವುದು ಅಲ್ಲೇ.

ಇನ್ನು ಕಾಲು ಅಂಟಿಕೊಳ್ಳುವುದು. ನಾವು ಫ್ರೀಜಿಂಗ್ ಅನ್ನುತ್ತೇವೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಬ್ಬರು ಹಾಲ್‌ನಲ್ಲಿ ಒಂದು ಮಟ್ಟಿಗೆ ನಡೆದುಕೊಂಡೇ ಬರುತ್ತಾರೆ. ಬಾಗಿಲಿಗೆ ಇನ್ನು ಎರಡು ಹೆಜ್ಜೆ ಇದೆ ಅನ್ನುವಾಗ ಹೆಜ್ಜೆಗಳು ಚಿಕ್ಕದಾಗಿ ಬೇಗ ಬೇಗ ಬೀಳಲು ಶುರು. ಹೊಸ್ತಿಲ ಮುಂದೆ ಪೂರ್ತಿ ನಿಂತುಬಿಡುತ್ತಾರೆ. ಮೊಣಕಾಲು ಸಣ್ಣಗೆ ಅದುರುತ್ತಿರುತ್ತದೆ, ಹಿಮ್ಮಡಿ ಏಳುತ್ತದೆ, ಬೆರಳುಗಳು ಮಾತ್ರ ನೆಲ ಬಿಡುವುದಿಲ್ಲ. ಮೈ ಮುಂದೆ ಹೋಗುತ್ತಿದೆ, ಪಾದ ಹಿಂದೆ ಉಳಿದಿದೆ. ಬೀಳುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ. ಮನೆಯವರು ಗಾಬರಿಯಿಂದ "ನಡೀರಿ, ನಡೀರಿ" ಅನ್ನುತ್ತಾರೆ, ಕೈ ಹಿಡಿದು ಎಳೆಯುತ್ತಾರೆ. ದಯವಿಟ್ಟು ಎಳೆಯಬೇಡಿ. ನಡೆಯುವ ಮನಸ್ಸು ಅವರಿಗೂ ಇದೆ. ಕಾಲಿನಲ್ಲಿ ಶಕ್ತಿಯೂ ಇದೆ. ಹೊರಡು ಅನ್ನುವ ಅಪ್ಪಣೆ ಸರಿಯಾದ ಹೊತ್ತಿಗೆ ಸಿಗುತ್ತಿಲ್ಲ, ಅಷ್ಟೇ.

ಶಕ್ತಿ ಇದೆ ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ಹೇಳುತ್ತೇನೆ. 2010ರಲ್ಲಿ ನೆದರ್ಲೆಂಡ್ಸ್‌ನ ನರರೋಗ ತಜ್ಞ ಬಾಸ್ಟಿಯಾನ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿ 58 ವರ್ಷದ ಒಬ್ಬ ರೋಗಿಯ ವಿಡಿಯೋ ಪ್ರಕಟಿಸಿದರು. ಅವರಿಗೆ ಕಾಲು ಎಷ್ಟು ಅಂಟಿಕೊಳ್ಳುತ್ತಿತ್ತೆಂದರೆ ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ. ಅದೇ ಮನುಷ್ಯ ಸೈಕಲ್ ಹತ್ತಿದರೆ ಆರಾಮಾಗಿ ತುಳಿದುಕೊಂಡು ಹೋಗಿ, ತಿರುಗಿಸಿಕೊಂಡು ಬರುತ್ತಾರೆ. ಇಳಿದ ಕೂಡಲೇ ಮತ್ತೆ ಕಾಲು ಅಂಟು. ಯಾಕೆ ಹೀಗೆ ಅನ್ನುವುದಕ್ಕೆ ಒಂದು ವಿವರಣೆ ಹೀಗಿದೆ: ಸುತ್ತುವ ಪೆಡಲ್ ತಾನೇ ಕಾಲಿಗೆ ಒಂದು ಲಯ ಕೊಡುತ್ತಿರುತ್ತದೆ. (ಇದನ್ನು ಕೇಳಿ ನಾಳೆಯೇ ಯಾರೂ ಸೈಕಲ್ ತರಬೇಡಿ. ಹತ್ತುವಾಗ, ಇಳಿಯುವಾಗ ಏನು ಕತೆ?)

ಒಳಗಿನ ತಾಳ ಸೋತರೆ ಹೊರಗಿನಿಂದ ಕೊಡಬಹುದು ಅನ್ನುವುದೇ ಇಲ್ಲಿನ ಉಪಾಯ. ನೆಲದ ಮೇಲೆ ಅಡ್ಡ ಗೆರೆ ಹಾಕಿ, ಅದನ್ನು ದಾಟಿ ಅಂದರೆ ಅಂಟಿಕೊಂಡ ಕಾಲು ಏಳುತ್ತದೆ. ಇದು ಬಹಳ ಹಿಂದೆಯೇ ಗೊತ್ತಾಗಿತ್ತು. ಕಣ್ಣಿಗೆ ಗೆರೆ ಹೇಗೋ ಕಿವಿಗೆ ಪೆಟ್ಟು ಹಾಗೆ. ಹೊರಗಿನ ಸುಳಿವು ಸಿಕ್ಕಾಗ ಮೆದುಳು ಕೆಟ್ಟ ದಾರಿಯನ್ನು ಬಿಟ್ಟು ಕಿರುಮೆದುಳು ಮತ್ತು ಮುಂದಿನ ಭಾಗದ ಕೆಲವು ಜಾಗಗಳ ಮೂಲಕ ಬೇರೆ ದಾರಿ ಹಿಡಿಯುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಗೆರೆಗಿಂತ ಸದ್ದಿಗೆ ಒಂದು ಅನುಕೂಲ ಜಾಸ್ತಿ. ಗೆರೆಯನ್ನು ಎಲ್ಲಾ ಕಡೆ ಬರೆದಿಡಲು ಆಗುವುದಿಲ್ಲ, ಅದನ್ನು ನೋಡಲು ತಲೆ ಬಗ್ಗಿಸಬೇಕು. ಸದ್ದು ನಮ್ಮ ಜೊತೆಗೇ ಬರುತ್ತದೆ.

ಇದನ್ನು ಅಳತೆಗೆ ತಂದವರು ಅಮೆರಿಕದ ಕೊಲರಾಡೋದ ಮೈಕೆಲ್ ಥೌಟ್ ಮತ್ತು ಜೆರಾಲ್ಡ್ ಮೆಕಿಂಟಾಷ್. ಥೌಟ್ ಸಂಗೀತದ ಹಿನ್ನೆಲೆಯವರು, ಮೆಕಿಂಟಾಷ್ ನರರೋಗ ವೈದ್ಯರು. 1996ರಲ್ಲಿ ಅವರ ತಂಡದ ಪ್ರಯೋಗ ಪ್ರಕಟವಾಯಿತು. ರೋಗಿಗಳು ಮನೆಯಲ್ಲೇ ಮೂರು ವಾರ, ದಿನಕ್ಕೆ ಅರ್ಧ ಗಂಟೆ, ವಾದ್ಯ ಸಂಗೀತಕ್ಕೆ ಸರಿಯಾಗಿ ನಡೆದರು. ಆ ಸಂಗೀತದೊಳಗೆ ಮೆಟ್ರೊನೋಮ್ ಪೆಟ್ಟನ್ನು ಸೇರಿಸಿಟ್ಟಿದ್ದರು. ಇದು ಮುಖ್ಯ, ಮತ್ತೆ ಬರುತ್ತೇನೆ. ಮೂರು ವಾರದ ಕೊನೆಗೆ ನಡಿಗೆಯ ವೇಗ ಶೇಕಡಾ 25ರಷ್ಟು, ಹೆಜ್ಜೆಯ ಉದ್ದ ಶೇಕಡಾ 12ರಷ್ಟು ಹೆಚ್ಚಿತ್ತು. ಅದೇ ವ್ಯಾಯಾಮವನ್ನು ಸದ್ದಿಲ್ಲದೆ ತಮ್ಮ ಪಾಡಿಗೆ ಮಾಡಿದವರಲ್ಲಿ ಇಷ್ಟು ಬದಲಾವಣೆ ಕಾಣಲಿಲ್ಲ.

ಚಿಕ್ಕ ಪ್ರಯೋಗ ಅದು, ಒಟ್ಟು ನಲವತ್ತು ಜನರೂ ಇರಲಿಲ್ಲ. 2007ರಲ್ಲಿ ಯೂರೋಪಿನ ಮೂರು ದೇಶಗಳಲ್ಲಿ 153 ಜನರ ಮೇಲೆ ಇಂಥದ್ದೇ ದೊಡ್ಡ ಪರೀಕ್ಷೆ ನಡೆಯಿತು. ಅಲ್ಲಿ ಸಂಗೀತ ಇರಲಿಲ್ಲ. ಕಿವಿಗೆ ಬೀಪ್ ಸದ್ದು, ಕೈಗೆ ಅದುರುವ ಪಟ್ಟಿ, ಕಣ್ಣಿಗೆ ಮಿನುಗುವ ಬೆಳಕಿನ ಕನ್ನಡಕ, ಮೂರನ್ನೂ ತೋರಿಸಿ ಯಾವುದು ಬೇಕೋ ತೆಗೆದುಕೊಳ್ಳಿ ಅಂದರು. ಹೆಚ್ಚಿನವರು ಸದ್ದನ್ನು ಆರಿಸಿಕೊಂಡರು, ಉಳಿದವರು ಪಟ್ಟಿಯನ್ನು. ಕನ್ನಡಕ ಯಾರಿಗೂ ಬೇಡವಾಯಿತು! ನಡಿಗೆ ಸುಧಾರಿಸಿತು, ಆದರೆ ಸ್ವಲ್ಪವೇ. ತರಬೇತಿ ನಿಲ್ಲಿಸಿ ಆರು ವಾರ ಕಳೆದು ನೋಡಿದಾಗ ಸಿಕ್ಕ ಲಾಭದಲ್ಲಿ ಬಹುಪಾಲು ಕರಗಿಹೋಗಿತ್ತು. ಇದನ್ನು ಮುಚ್ಚಿಟ್ಟು ಬರೀ 25ರ ಲೆಕ್ಕ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಬೀಳುವುದು ಕಡಿಮೆ ಆಗುತ್ತದಾ? ಮನೆಯವರಿಗೆ ಬೇಕಾದ ಉತ್ತರ ಇದೇ. 2019ರಲ್ಲಿ ಥೌಟ್ ತಂಡ ಅದನ್ನೇ ಪರೀಕ್ಷಿಸಿತು. ಹಿಂದಿನ ಒಂದು ವರ್ಷದಲ್ಲಿ ಎರಡು ಸಲವಾದರೂ ಬಿದ್ದಿದ್ದ 60 ಜನ. ಒಂದು ಗುಂಪು 24 ವಾರ ಬಿಡದೆ ಮಾಡಿತು. ಇನ್ನೊಂದು ಗುಂಪು ಎಂಟು ವಾರ ಮಾಡಿ, ಎಂಟು ವಾರ ಬಿಟ್ಟು, ಮತ್ತೆ ಶುರು ಮಾಡಿತು. ಬಿಟ್ಟವರಲ್ಲಿ ಬೀಳುವುದು ಮತ್ತೆ ಜಾಸ್ತಿಯಾಯಿತು. ಬಿಡದೆ ಮಾಡಿದವರಲ್ಲಿ ಕಡಿಮೆಯಾಗಿತ್ತು. ಪಾದದ ಮುಂಭಾಗ ಮೇಲೇಳುವುದು ಸುಧಾರಿಸಿದ್ದಕ್ಕೂ ಬೀಳುವುದು ಕಮ್ಮಿಯಾದದ್ದಕ್ಕೂ ಅಲ್ಲಿ ಸಂಬಂಧ ಕಂಡಿತು. ಬೆರಳು ಎಡವುವುದು ತಪ್ಪಿತು ಅಂದುಕೊಳ್ಳಿ. ಇಂಥ ವಿವರ ನನಗೆ ಬಹಳ ಇಷ್ಟ. ಮನಸ್ಸಿಗೆ ಹಾಯಾಯಿತು, ಹಾಗಾಗಿ ನಡೆದರು ಅನ್ನುವ ಮಾತಿಗಿಂತ ಇದು ಎಷ್ಟೋ ಗಟ್ಟಿ.

ಈಗ ಹಾಡಿನ ವಿಷಯ. ಮೆಟ್ರೊನೋಮ್ ಪೆಟ್ಟನ್ನು ಸಂಗೀತದೊಳಗೆ ಸೇರಿಸಿದ್ದರು ಅಂದೆನಲ್ಲ, ಅದು ಯಾಕೆ? ಕೆನಡಾದಲ್ಲಿ ಕೆಲಸ ಮಾಡುವ ಜೆಸಿಕಾ ಗ್ರಾನ್ ಅನ್ನುವ ನರವಿಜ್ಞಾನಿ ತಾಳ ಕೇಳಿದಾಗ ಮೆದುಳಿನಲ್ಲಿ ಏನಾಗುತ್ತದೆ ಎಂದು ವರ್ಷಗಟ್ಟಲೆ ನೋಡಿದ್ದಾರೆ. ಸುಮ್ನೆ ಮಲಗಿ ತಾಳ ಕೇಳಿದರೂ ಬೇಸಲ್ ಗ್ಯಾಂಗ್ಲಿಯಾ ಚುರುಕಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ಕೆಡುವ ಭಾಗವೇ ಅದು. ಹಾಗಾಗಿ ಈ ಕಾಯಿಲೆ ಇರುವವರಿಗೆ ತಾಳವನ್ನು ಹಿಡಿಯುವುದೇ ನಮಗಿಂತ ಕಷ್ಟ ಎಂದು 2009ರಲ್ಲಿ ಗ್ರಾನ್ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ಯೋಚನೆ ಮಾಡಿ: ತಾಳ ಹುಡುಕುವ ಶಕ್ತಿಯೇ ಕುಂದಿದವರ ಕಿವಿಗೆ, ತಾಳ ಎಲ್ಲೋ ಅಡಗಿರುವ ಹಾಡು ಹಾಕಿ ನಡೆಯಿರಿ ಅಂದರೆ? ಹುಡುಕುವುದರಲ್ಲೇ ಅವರ ಗಮನವೆಲ್ಲ ಖರ್ಚಾಗುತ್ತದೆ. ನಡಿಗೆಗೆ ಗಮನ ಉಳಿಯುವುದಿಲ್ಲ. ಸಂಗೀತ ಕೇಳುತ್ತ, ಜೊತೆಗೆ ಮನಸ್ಸಿನಲ್ಲಿ ಏನೋ ಲೆಕ್ಕ ಮಾಡುತ್ತ ನಡೆಯಿರಿ ಅಂದಾಗ ಪಾರ್ಕಿನ್ಸನ್ ಇರುವವರ ನಡಿಗೆ ಕೆಟ್ಟದ್ದು ಪ್ರಯೋಗಗಳಲ್ಲಿ ಕಂಡಿದೆ.

ಹಾಗಾಗಿ ಹಾಡು ಎಷ್ಟು ಇಂಪಾಗಿದೆ ಅನ್ನುವುದು ಇಲ್ಲಿ ಆಮೇಲಿನ ಮಾತು. ಪೆಟ್ಟು ಎಷ್ಟು ಎದ್ದು ಕೇಳುತ್ತದೆ ಅನ್ನುವುದು ಮೊದಲು. ಆಲಾಪನೆ ಎಷ್ಟೇ ಚೆನ್ನಾಗಿರಲಿ, ಕಾಲಿಗೆ ಅದರಿಂದ ಏನೂ ಸಿಗುವುದಿಲ್ಲ. ಎಷ್ಟೋ ಹಾಡುಗಳು ತಾಳವಿಲ್ಲದ ಒಂದು ಸಾಲಿನಿಂದ ಶುರುವಾಗುತ್ತವೆ, ನಡುವೆ ಒಮ್ಮೆ ವಾದ್ಯಗಳೆಲ್ಲ ನಿಲ್ಲುತ್ತವೆ, ಕೊನೆಗೆ ವೇಗ ಏರುತ್ತದೆ. ಕುಳಿತು ಕೇಳುವವರಿಗೆ ಅದೇ ಸೊಗಸು. ನಡೆಯುವವರಿಗೆ ಅಲ್ಲೇ ಅಪಾಯ. ಎರಡರ ಅಥವಾ ನಾಲ್ಕರ ಲೆಕ್ಕದ ಹಾಡು ನಡಿಗೆಗೆ ಸಲೀಸು. ಮೂರರ ಲೆಕ್ಕವಾದರೆ ಜೋರಾದ ಪೆಟ್ಟು ಒಮ್ಮೆ ಎಡಗಾಲಿಗೆ, ಇನ್ನೊಮ್ಮೆ ಬಲಗಾಲಿಗೆ ಬೀಳುತ್ತದೆ. ಕೆಲವರಿಗೆ ಅದು ಗೊಂದಲ. ಮೊದಲೇ ಗೊತ್ತಿರುವ ಹಾಡಾದರೆ ಒಳ್ಳೆಯದು, ಮುಂದೇನು ಬರುತ್ತದೆ ಅಂತ ಹುಡುಕಬೇಕಾಗಿಲ್ಲ.

ಇನ್ನು ವೇಗ. ನೇರವಾದ ಜಾಗದಲ್ಲಿ, ಹಾಡಿಲ್ಲದೆ, ಅವರ ಪಾಡಿಗೆ ನಡೆಯಲಿ. ನಡಿಗೆ ಒಂದು ಹದಕ್ಕೆ ಬಂದ ಮೇಲೆ 30 ಸೆಕೆಂಡು ಹೆಜ್ಜೆ ಎಣಿಸಿ, ಎರಡರಿಂದ ಗುಣಿಸಿ. ಎಡ ಒಂದು, ಬಲ ಒಂದು, ಎರಡನ್ನೂ ಎಣಿಸಬೇಕು. 48 ಬಂತು ಅಂದುಕೊಳ್ಳಿ, ನಿಮಿಷಕ್ಕೆ 96. ಮೊದಲು ಹಾಡು ಬೇಡ, ಮೆಟ್ರೊನೋಮನ್ನು 96ಕ್ಕೇ ಇಟ್ಟು ನಡೆಸಿ. ನಾನು ಮೊದಲು ನಿಲ್ಲಿಸಿಯೇ ಅಭ್ಯಾಸ ಮಾಡಿಸುತ್ತೇನೆ. ಗೋಡೆಯ ಪಕ್ಕ ನಿಂತು, ಪೆಟ್ಟಿಗೆ ಸರಿಯಾಗಿ ಭಾರವನ್ನು ಎಡಕ್ಕೆ ಬಲಕ್ಕೆ ಹಾಕುವುದು. ಆಮೇಲೆ ನಿಂತಲ್ಲೇ ಹೆಜ್ಜೆ. ಆಮೇಲೆ ಮುಂದಕ್ಕೆ. ಹಿಮ್ಮಡಿ ಪೆಟ್ಟಿಗೆ ಸರಿಯಾಗಿ ಬೀಳಲಿ ಅಂತ ಮಾತ್ರ ಹೇಳಿ. ಬೆನ್ನು ನೆಟ್ಟಗೆ, ಕೈ ಬೀಸಿ, ಮುಂದೆ ನೋಡಿ ಅಂತ ಒಂದೇ ಉಸಿರಿಗೆ ನಾಲ್ಕು ಹೇಳಿದರೆ ಯಾವುದೂ ಆಗುವುದಿಲ್ಲ.

ಇಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ಕಾಲು ಅಂಟಿಕೊಳ್ಳುವ ತೊಂದರೆ ಇಲ್ಲದವರಿಗೆ ನಿಧಾನವಾಗಿ ಶೇಕಡಾ 5, ಆಮೇಲೆ 10ರವರೆಗೆ ಏರಿಸಬಹುದು. ಅಂದರೆ 96 ಇದ್ದದ್ದು 101, ಆಮೇಲೆ 106ರ ಹತ್ತಿರ. ಕಾಲು ಅಂಟಿಕೊಳ್ಳುವವರಿಗೆ ಹೀಗೆ ಮಾಡಬಾರದು. 2006ರಲ್ಲಿ ಬೆಲ್ಜಿಯಂನ ಸಂಶೋಧಕರು ಎರಡೂ ಬಗೆಯವರನ್ನು ಬೇರೆ ಬೇರೆ ವೇಗಕ್ಕೆ ನಡೆಸಿ ನೋಡಿದರು. ಶೇಕಡಾ 10 ಏರಿಸಿದಾಗ ಅಂಟಿಕೊಳ್ಳದವರ ಹೆಜ್ಜೆ ಉದ್ದವಾಯಿತು, ಅಂಟಿಕೊಳ್ಳುವವರ ಹೆಜ್ಜೆ ಇನ್ನೂ ಚಿಕ್ಕದಾಯಿತು. ಇವರಿಗೆ ಶೇಕಡಾ 10 ಇಳಿಸಿದಾಗಲೇ ಹೆಜ್ಜೆ ಉದ್ದವಾದದ್ದು. ಹಾಗಾಗಿ 96ರವರಿಗೆ 86. ಬೇಗ ನಡೆಯಲಿ ಅನ್ನುವ ಆಸೆಯಿಂದ ಜೋರು ಹಾಡು ಹಾಕುವ ಮನೆಯವರು ಕೇಳಿಸಿಕೊಳ್ಳಬೇಕಾದ ಮಾತು ಇದು. ಚಿಕ್ಕ ಹೆಜ್ಜೆ ಹಾಕಿಕೊಂಡು ಮುಂದಕ್ಕೆ ಓಡುವ ಸ್ವಭಾವ ಇರುವವರಿಗೂ ಇದೇ ಲೆಕ್ಕ.

ವೇಗ ಗೊತ್ತಾದ ಮೇಲೆ ಹಾಡು ಹುಡುಕುವುದು ಸುಲಭ. ಹಾಡಿನ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವುದನ್ನು ಹೇಳುವ ಆ್ಯಪ್‌ಗಳಿವೆ. ಹಾಡಿಗೆ ತಕ್ಕಂತೆ ನೀವು ಪರದೆಯನ್ನು ಬೆರಳಲ್ಲಿ ತಟ್ಟುತ್ತ ಹೋದರೆ ಎಣಿಸಿ ತೋರಿಸುವಂಥವೂ ಇವೆ. ಒಂದು ಎಚ್ಚರ: ಅವು ಒಮ್ಮೊಮ್ಮೆ ಅರ್ಧವನ್ನೋ ಇಮ್ಮಡಿಯನ್ನೋ ಹೇಳುತ್ತವೆ. 50 ಅಂತ ತೋರಿಸಿದ ಹಾಡಿಗೆ ಪೆಟ್ಟಿಗೆ ಎರಡರಂತೆ ಹೆಜ್ಜೆ ಹಾಕಿದರೆ ಅದು 100ರ ಹಾಡೇ. ಆ್ಯಪ್ ಏನೇ ಹೇಳಲಿ, ಮೊದಲು ನೀವೇ ಒಮ್ಮೆ ಆ ಹಾಡಿಗೆ ನಡೆದು ನೋಡಿ. ಅವರ ಜೊತೆ ಪ್ರಯೋಗ ಆಮೇಲೆ.

ಇದು ಔಷಧಿಯ ಬದಲಿಗೆ ಅಲ್ಲ. ಲೆವೊಡೋಪಾ, ಅಂದರೆ ಡೋಪಮೈನ್ ಕೊರತೆ ತುಂಬಲು ಕೊಡುವ ಮಾತ್ರೆ, ಸರಿಯಾಗಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ಅಭ್ಯಾಸ ಶುರು ಮಾಡುವುದು ಕ್ಷೇಮ. ವರ್ಷಗಳು ಕಳೆದ ಹಾಗೆ ಕಾಲು ಅಂಟಿಕೊಳ್ಳುವುದಕ್ಕೂ ಸಮತೋಲನ ತಪ್ಪುವುದಕ್ಕೂ ಮಾತ್ರೆ ಅಷ್ಟಾಗಿ ಕೈ ಹಿಡಿಯುವುದಿಲ್ಲ. ಈ ವ್ಯಾಯಾಮಕ್ಕೆ ಬೆಲೆ ಬರುವುದು ಅಲ್ಲೇ. ಕಾಯಿಲೆ ಮುಂದುವರಿಯುವುದನ್ನು ಇದು ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎದ್ದು ನಿಂತಾಗ ತಲೆ ಸುತ್ತುವವರು, ಆಗಾಗ ಬೀಳುತ್ತಿರುವವರು, ಹೇಳಿದ್ದನ್ನು ನೆನಪಿಟ್ಟುಕೊಳ್ಳಲು ಕಷ್ಟಪಡುವವರು ಮೊದಲ ಸಲ ಮನೆಯಲ್ಲಿ ತಾವೇ ಶುರು ಮಾಡುವುದು ಬೇಡ. ಫಿಸಿಯೋಥೆರಪಿಸ್ಟ್ ಜೊತೆ ಮಾಡಿ.

ಇಲ್ಲಿಂದ ಮುಂದೆ ಪ್ರಶ್ನೆಗಳು.

ಇಯರ್‌ಫೋನ್ ಹಾಕಿಕೊಂಡು ಹೊರಗೆ ನಡೆಯಬಹುದೇ ಎಂದು ಒಬ್ಬರು ಕೇಳಿದರು. ವಾಹನ ಓಡಾಡುವ ಕಡೆ ಬೇಡ ಅಂದೆ. ಹಿಂದಿನಿಂದ ಬರುವುದು ಕೇಳಿಸಬೇಕು. ಪಾರ್ಕಿನಂಥ ಜಾಗದಲ್ಲಾದರೆ ಒಂದು ಕಿವಿಗೆ ಹಾಕಿ, ಅಥವಾ ಫೋನನ್ನು ಜೇಬಿನಲ್ಲಿಟ್ಟು ಸ್ಪೀಕರ್‌ನಲ್ಲೇ ಕೇಳಿ. ನಡುವೆ ಕರೆ ಬರದ ಹಾಗೆ ಮಾಡಿಕೊಳ್ಳಿ. ರಿಂಗಾದ ಕೂಡಲೇ ನಡೆಯುತ್ತಲೇ ಫೋನ್ ತೆಗೆಯಲು ಹೋಗುವುದು ಬೀಳಲು ಒಳ್ಳೆಯ ದಾರಿ!

ತಿರುಗುವಾಗ ಏನು ಮಾಡಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಒಳ್ಳೆಯ ಪ್ರಶ್ನೆ, ಕಾಲು ಅಂಟಿಕೊಳ್ಳುವುದು ತಿರುವಿನಲ್ಲೇ ಜಾಸ್ತಿ. ನಿಂತ ಕಾಲಿನ ಮೇಲೆ ಗಿರಕ್ಕನೆ ತಿರುಗಬೇಡಿ. ಜಾಗ ಬಿಟ್ಟುಕೊಂಡು ಅರ್ಧ ಚಂದ್ರನ ಆಕಾರದಲ್ಲಿ ಸುತ್ತಿ ಬನ್ನಿ, ಹೆಜ್ಜೆ ಪೆಟ್ಟಿಗೇ ಬೀಳುತ್ತಿರಲಿ.

ಕುಣಿತ ಒಳ್ಳೆಯದೇ? ಒಳ್ಳೆಯದು, ಮತ್ತು ವ್ಯಾಯಾಮಕ್ಕಿಂತ ಅದನ್ನು ಬಿಡದೆ ಮಾಡುವವರು ಜಾಸ್ತಿ ಅಂತ ನನ್ನ ಅನಿಸಿಕೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ಡ್ಯಾನ್ಸ್ ಗ್ರೂಪ್ 2001ರಿಂದ ಪಾರ್ಕಿನ್ಸನ್ ಇರುವವರಿಗಾಗಿ ತರಗತಿ ನಡೆಸುತ್ತಿದೆ. ಟ್ಯಾಂಗೋ ಅನ್ನುವ ಜೋಡಿ ಕುಣಿತದ ಮೇಲೆ ಅಧ್ಯಯನಗಳೇ ಆಗಿವೆ. ಅದರಲ್ಲಿ ಹಿಂದಕ್ಕೆ ಹೆಜ್ಜೆ ಇದೆ, ನಿಂತು ಮತ್ತೆ ಹೊರಡುವುದಿದೆ, ಹಿಡಿದುಕೊಳ್ಳಲು ಎದುರಿಗೆ ಒಬ್ಬರು ಇರುತ್ತಾರೆ.

ಕೊನೆಯ ಪ್ರಶ್ನೆ ಕೇಳಿದವರು ಒಬ್ಬ ರೋಗಿಯೇ. "ಫೋನ್ ಕೈಯಲ್ಲಿಲ್ಲ, ರಾತ್ರಿ ಬಚ್ಚಲಿಗೆ ಹೋಗಬೇಕು, ಬಾಗಿಲಲ್ಲಿ ನಿಂತುಬಿಟ್ಟೆ. ಆಗ?" ಆಗ ಮನಸ್ಸಿನಲ್ಲೇ ಹಾಡಿಕೊಳ್ಳಿ. ಇದು ಸಮಾಧಾನದ ಮಾತಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಗ್ಯಾಮನ್ ಅರ್‌ಹಾರ್ಟ್ ಅವರ ತಂಡ ಹಾಡು ಕೇಳುತ್ತ ನಡೆಯುವುದನ್ನೂ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಂಡು ನಡೆಯುವುದನ್ನೂ ಹೋಲಿಸಿ 2019ರಲ್ಲಿ ಪ್ರಕಟಿಸಿತು. ಹೆಜ್ಜೆಯ ಏರುಪೇರು ಕಡಿಮೆಯಾದದ್ದು ಮನಸ್ಸಿನಲ್ಲಿ ಹಾಡಿಕೊಂಡಾಗ. ಕೇಳುವಾಗ ಹೊರಗಿನ ಸದ್ದಿಗೆ ಕಾಲನ್ನು ಹೊಂದಿಸಬೇಕು, ತಾನೇ ಹಾಡಿದರೆ ಹಾಡೂ ಕಾಲೂ ಒಟ್ಟಿಗೆ ಹೋಗುತ್ತವೆ.

ಅದಕ್ಕೆ ಹಗಲಿನಲ್ಲೇ ಒಂದು ಚಿಕ್ಕ ಸಾಲನ್ನು ಅಭ್ಯಾಸ ಮಾಡಿಟ್ಟುಕೊಳ್ಳಿ ಅಂದೆ. ಒಂದೇ ಸಾಲು ಸಾಕು, ಸರಿಯಾದ ವೇಗದ್ದು. ಕಾಲು ಅಂಟಿಕೊಂಡಾಗ ಬಾಗಿಲ ಚೌಕಟ್ಟು ಹಿಡಿದು ಪೂರ್ತಿ ನಿಲ್ಲಿ. ಜಗ್ಗಾಡಬೇಡಿ. ಭಾರವನ್ನು ಎಡಗಾಲಿಗೆ ಹಾಕಿ, ಬಲಗಾಲಿಗೆ ಹಾಕಿ, ಮತ್ತೆ ಎಡಗಾಲಿಗೆ. ಆಮೇಲೆ ಸಾಲನ್ನು ಶುರು ಮಾಡಿ, ಮೊದಲ ಪೆಟ್ಟಿಗೆ ಬಲಗಾಲನ್ನು ದೊಡ್ಡದಾಗಿ ಎತ್ತಿ ಮುಂದಿಡಿ. ಮೊದಲ ಸಲ ಆಗದಿದ್ದರೆ ಮತ್ತೆ ನಿಂತು, ಸಾಲನ್ನು ಮೊದಲಿನಿಂದ.